ಪ್ಲೇಗಿನ ಮದ್ದನ್ನು ಕಂಡುಹಿಡಿದ ಹಾಫ್ಕಿನನ ಚರಿತ್ರೆ

ಮಾಡಿನಿಂದ ಇಲಿಗಳು ಸತ್ತು ಬೀಳುವದನ್ನು ಕಂಡ ಕೂಡಲೆ ಊರಿಗೆ ಊರೇ ಗಂಟುಮೂಟೆ ಕಟ್ಟಿಕೊಂಡು, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ವಾಸಿಸಿದ ಕಾಲವು ನಮ್ಮ ಸೀಮೆಯಲ್ಲಿ ಒಂದಿತ್ತೆಂಬದನ್ನು ನಮ್ಮ ಸಭೆಗಳ ಕಿರಿಯರು ಹಿರಿಯರ ಬಾಯಿಂದ ಕೇಳಿ ಬಲ್ಲರು. ಕಂಕುಳಲ್ಲಿಯೂ ತೊಡೆಯ ಸಂದಿಯಲ್ಲಿಯೂ ಗಡ್ಡೆ ಎದ್ದು, ಜ್ವರ ನೆತ್ತಿಗೇರಿ, ಮೂರು ನಾಲ್ಕು ದಿನಗಳಲ್ಲಿ ಪ್ರಾಣ ಹೋಗುತ್ತಿತ್ತು. ಆ ಮಹಾಮಾರಿಯನ್ನು ತಡೆಯುವ ಸೂಜಿಮದ್ದನ್ನು ಮೊದಲು ಸಿದ್ಧಮಾಡಿದವನು ವಾಲ್ಡೆಮಾರ್ ಹಾಫ್ಕಿನನು. ಈತನು ಹುಟ್ಟಿನಿಂದ ಯೆಹೂದ್ಯನು. ಸಾಯುವ ಪರಿಯಂತರ ಯೆಹೂದ್ಯನಾಗಿಯೇ ಇದ್ದನು. ಕ್ರೈಸ್ತ ಪತ್ರಿಕೆಯಲ್ಲಿ ಇಂಥವನ ಚರಿತ್ರೆ ಯಾಕೆಂದು ಯಾರಾದರೂ ಕೇಳುವದಾದರೆ ಓದಿ ಮುಗಿಸಿದ ಮೇಲೆ ಕೇಳಲಿ.

ಹಾಫ್ಕಿನನು 1860ನೆಯ ಮಾರ್ಚ್ 15ರಲ್ಲಿ ಕಪ್ಪು ಸಮುದ್ರದ ತೀರದಲ್ಲಿರುವ ಒಡೆಸ್ಸಾ ಪಟ್ಟಣದಲ್ಲಿ ಹುಟ್ಟಿದನು. ಆ ಪಟ್ಟಣವು ಆಗ ರಷ್ಯದ ಚಕ್ರವರ್ತಿಯ ಆಳಿಕೆಯಲ್ಲಿತ್ತು. ಈಗ ಯುಕ್ರೇನ್ ದೇಶಕ್ಕೆ ಸೇರಿದೆ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಆತನು ಪ್ರಾಣಿಶಾಸ್ತ್ರವನ್ನು ಕಲಿತನು. ಪ್ರಖ್ಯಾತ ಪಂಡಿತನಾದ ಮೆಚ್ನಿಕೋವನು ಆತನ ಗುರು. 1881ರಲ್ಲಿ ಚಕ್ರವರ್ತಿಯ ಕೊಲೆಯಾದ ಮೇಲೆ ಜನರು ಗುಂಪುಗೂಡಿ ಯೆಹೂದ್ಯರ ಮನೆ ಅಂಗಡಿಗಳನ್ನು ಸುಲಿಯತೊಡಗಿದಾಗ ಹಾಫ್ಕಿನನು ತನ್ನ ಜನರನ್ನು ಕಾಯಲು ನಿಂತವರೊಳಗೆ ಒಬ್ಬನಾಗಿದ್ದು, ಗಾಯಗೊಂಡು ಸೆರೆಯನ್ನೂ ಕಂಡನು.

ವಿದ್ಯೆಯು ಮುಗಿದ ತರುವಾಯ ಅಧ್ಯಾಪಕ ಪದವಿಯು ಸಿಕ್ಕುವ ಹಾಗಿತ್ತು. ಆದರೆ ಒಂದು ಕರಾರು ಇತ್ತು. ಆತನು ರಷ್ಯದ ರಾಜಸಭೆಯಲ್ಲಿ ಸ್ನಾನ ಹೊಂದಿ ಕ್ರೈಸ್ತನಾಗಬೇಕಾಗಿತ್ತು. ಹಾಫ್ಕಿನನು ಅದನ್ನು ಒಪ್ಪಲಿಲ್ಲ. ಪ್ರಿಯ ಓದುಗರೇ, ಇಲ್ಲಿ ಕ್ಷಣಕಾಲ ನಿಲ್ಲೋಣ. ಅಕ್ಕಿಗಾಗಿಯೂ ಕೆಲಸಕ್ಕಾಗಿಯೂ ಮತ ಬಿಟ್ಟವರೆಂಬ ಹಂಗಿನ ಮಾತನ್ನು ಸಂತೆಯಲ್ಲಿಯೂ ಬಾವಿಕಟ್ಟೆಯಲ್ಲಿಯೂ ಕೇಳದ ಕುಟುಂಬವು ನಮ್ಮಲ್ಲಿ ಎಷ್ಟಿದೆ? ಆ ಮಾತಿನ ನೋವನ್ನು ಬಲ್ಲ ನಾವು ಹಾಫ್ಕಿನನ ನಿರಾಕರಣೆಯನ್ನು ನಮ್ಮ ಕರ್ತನಿಗೆ ಆದ ಅವಮಾನವೆಂದು ಎಣಿಸಲಾರೆವು. ಸಂಬಳದ ಪಟ್ಟಿಯಲ್ಲಿ ಹೆಸರು ಸೇರಿಸುವದಕ್ಕೋಸ್ಕರ ಕೊಡುವ ಸ್ನಾನವು ಎಂಥ ಸ್ನಾನ? ಅದನ್ನು ಕೇಳಿದ ಸಭೆಯೇ ತಪ್ಪಿತು, ಒಲ್ಲೆನೆಂದ ಯೆಹೂದ್ಯನು ತಪ್ಪಲಿಲ್ಲ ಎಂಬದೇ ಈ ಬರಹಗಾರನ ಅಭಿಪ್ರಾಯ.

ಹೀಗೆ ಬಾಗಿಲು ಮುಚ್ಚಿದ ಕಾರಣ ಆತನು 1888ರಲ್ಲಿ ಸ್ವಿಸ್ ದೇಶದ ಜಿನೀವಾಕ್ಕೆ ಹೋಗಿ, ಮರು ವರುಷ ಪ್ಯಾರಿಸಿನಲ್ಲಿದ್ದ ಪಾಶ್ಚರ್ ವಿದ್ಯಾಮಂದಿರವನ್ನು ಸೇರಿದನು. ಅಲ್ಲಿ ಸಿಕ್ಕಿದ ಕೆಲಸವು ಪುಸ್ತಕ ಭಂಡಾರದ ಸಹಾಯಕನ ಕೆಲಸ. ಬಿಡುವಿನ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂಡ್ರುತ್ತಿದ್ದನು. ದಣಿದಾಗ ಪಿಟೀಲು ಬಾರಿಸುತ್ತಿದ್ದನು. ಯೆರ್ಸಿನ್ ಎಂಬ ಸ್ವಿಸ್ ವೈದ್ಯನು ಪೂರ್ವದೇಶಗಳಿಗೆ ಹೊರಟುಹೋಗಲಾಗಿ ಆತನ ಸ್ಥಾನವು ಹಾಫ್ಕಿನನಿಗೆ ಬಂತು. ಆ ಯೆರ್ಸಿನನೇ 1894ರಲ್ಲಿ ಹಾಂಗ್‌ಕಾಂಗಿನಲ್ಲಿ ಪ್ಲೇಗಿನ ಕ್ರಿಮಿಯನ್ನು ಕಂಡುಹಿಡಿದವನು.

ಆ ದಿನಗಳಲ್ಲಿ ಯುರೋಪಿನಲ್ಲಿ ವಾಂತಿಭೇದಿಯ ಭಯ ಹೆಚ್ಚಾಗಿತ್ತು. ಹಾಫ್ಕಿನನು ಆ ರೋಗದ ಕ್ರಿಮಿಗಳಿಂದಲೇ ತಡೆಮದ್ದನ್ನು ಸಿದ್ಧಮಾಡಿ, 1892ನೆಯ ಜುಲೈ 18ರಲ್ಲಿ ಅದನ್ನು ತನ್ನ ಮೈಗೆ ತಾನೇ ಚುಚ್ಚಿಸಿಕೊಂಡನು. ಜ್ವರ ಬಂತು, ಇಳಿಯಿತು. ಅನಂತರ ತನ್ನ ಸ್ನೇಹಿತರಿಗೆ ಹಾಕಿದನು. ವಾಂತಿಭೇದಿಯು ಹುಟ್ಟಿ ಬೆಳೆಯುವ ದೇಶದಲ್ಲಿಯೇ ಮದ್ದನ್ನು ಪರೀಕ್ಷಿಸಬೇಕೆಂದು 1893ರಲ್ಲಿ ಹಿಂದೂ ದೇಶಕ್ಕೆ ಬಂದಿಳಿದನು. ಕಲ್ಕತ್ತದ ಕಟ್ಟಲ್ ಬಾಗಾನ್ ಎಂಬ ಬಡವರ ಕೇರಿಯಲ್ಲಿ 1894ರಲ್ಲಿ ವಾಂತಿಭೇದಿ ಎದ್ದಾಗ, ಸುಮಾರು 200 ಜನರಲ್ಲಿ 116 ಮಂದಿ ಸೂಜಿ ಹಾಕಿಸಿಕೊಂಡರು. ಆಮೇಲೆ ಆ ಕೇರಿಯಲ್ಲಿ ಹತ್ತು ಜನರು ರೋಗಕ್ಕೆ ಬಿದ್ದು ಏಳು ಜನರು ಸತ್ತರು. ಆ ಹತ್ತು ಜನರೂ ಹಾಕಿಸಿಕೊಳ್ಳದವರೇ. ಅಲ್ಲಿಂದ ಅಸ್ಸಾಮಿನ ಚಹಾ ತೋಟಗಳ ಕೂಲಿಯವರ ವರೆಗೂ ಆತನು ತಿರುಗಾಡಿ, ಎರಡೂವರೆ ವರುಷಗಳೊಳಗೆ 40,000ಕ್ಕೂ ಹೆಚ್ಚು ಜನರಿಗೆ ಮದ್ದು ಹಾಕಿ, ಚಳಿಜ್ವರದಿಂದ ಸೊರಗಿ 1895ರಲ್ಲಿ ಇಂಗ್ಲೆಂಡಿಗೆ ಹೋಗಿ, ಮರು ವರುಷ ತಿರಿಗಿ ಬಂದನು.

ಆಗ ಮುಂಬಯಿಯಲ್ಲಿ ಪ್ಲೇಗು ಎದ್ದಿತ್ತು. 1896ರ ಅಕ್ಟೋಬರಿನಲ್ಲಿ ಸರಕಾರದವರು ಹಾಫ್ಕಿನನನ್ನು ಅಲ್ಲಿಗೆ ಕರೆಸಿ, ಗ್ರ್ಯಾಂಟ್ ವೈದ್ಯ ಕಾಲೇಜಿನಲ್ಲಿ ಒಂದು ಕೋಣೆಯನ್ನೂ ಒಂದು ಪಡಸಾಲೆಯನ್ನೂ ಬಿಟ್ಟುಕೊಟ್ಟರು. ಒಬ್ಬ ಗುಮಾಸ್ತನು, ಮೂವರು ಜವಾನರು. ಇಷ್ಟೇ ಆತನ ಪರಿವಾರ. ಸಹಾಯಕ್ಕೆ ಬಂದವರಲ್ಲಿ ಕೆಲವರು ಕೆಲಸದ ಭಾರವನ್ನೂ ಭಯವನ್ನೂ ತಾಳಲಾರದೆ ಬಿಟ್ಟುಹೋದರು.

ಮದ್ದನ್ನು ಮಾಡಿದ ರೀತಿಯನ್ನು ನಮ್ಮ ತಾಯಂದಿರೂ ತಿಳಿಯಬಹುದು. ಮಾಂಸವನ್ನು ಬೇಯಿಸಿ ತೆಗೆದ ಸಾರನ್ನು ಗಾಜಿನ ಬುರುಡೆಯಲ್ಲಿ ಹಾಕಿ, ಮೇಲೆ ತುಸು ತುಪ್ಪವನ್ನು ತೇಲಬಿಟ್ಟು, ಅದರಲ್ಲಿ ಪ್ಲೇಗಿನ ಕ್ರಿಮಿಗಳನ್ನು ಬಿತ್ತುತ್ತಿದ್ದನು. ತುಪ್ಪದ ಹನಿಗಳಿಗೆ ಅಂಟಿಕೊಂಡ ಕ್ರಿಮಿಗಳು ಆಲದ ಮರದ ಬಿಳಲುಗಳಂತೆ ಕೆಳಗೆ ಇಳಿಬೀಳುತ್ತಿದ್ದವು. ಬುರುಡೆಯನ್ನು ಅಲ್ಲಾಡಿಸಿದರೆ ಬಿಳಲುಗಳು ಕಳಚಿ ತಳಕ್ಕೆ ಬಿದ್ದು ಹೊಸ ಬೆಳೆಯು ಮೇಲೆ ಹುಟ್ಟುತ್ತಿತ್ತು. ಹೀಗೆ ಕೆಲವು ವಾರ ಬೆಳೆಸಿದ ಮೇಲೆ ಅದನ್ನು ಕಾಯಿಸಿ ಕ್ರಿಮಿಗಳನ್ನೆಲ್ಲಾ ಕೊಲ್ಲುತ್ತಿದ್ದನು. ಸತ್ತ ಕ್ರಿಮಿಗಳು ರೋಗವನ್ನು ಹುಟ್ಟಿಸಲಾರವು. ಆದರೆ ಮೈಯೊಳಗೆ ಸೇರಿದಾಗ ಶರೀರವು ವೈರಿಯ ಗುರುತು ಹಿಡಿದು, ನಿಜವಾದ ವೈರಿಯು ಬರುವ ಮುಂಚೆ ತನ್ನ ಕಾವಲನ್ನು ಸಿದ್ಧಮಾಡಿಕೊಳ್ಳುತ್ತದೆ. 1897ನೆಯ ಜನವರಿ 10ರಲ್ಲಿ ಹಾಫ್ಕಿನನು ಬೇರೆಯವರಿಗೆ ಕೊಡುವದಕ್ಕಿಂತ ಹೆಚ್ಚಿನ ಮದ್ದನ್ನು ಮೊದಲು ತನಗೇ ಹಾಕಿಸಿಕೊಂಡನು. ಅದೇ ತಿಂಗಳ ಕೊನೆಯಲ್ಲಿ ಬೈಕಲ್ಲಾ ಸೆರೆಮನೆಯೊಳಗೆ ಪ್ಲೇಗು ಹೊಕ್ಕಾಗ, ಇಚ್ಛೆಯುಳ್ಳ ಕೈದಿಗಳಿಗೆ ಮದ್ದು ಹಾಕಲಾಯಿತು. ಹಾಕಿಸಿಕೊಳ್ಳದೆ ಇದ್ದವರಲ್ಲಿ ರೋಗವು ಬಹಳ ಹೆಚ್ಚಾಗಿಯೇ ಕಾಣಿಸಿತು.

ಜನರು ಹೆದರಿದ್ದರು. ಸರಕಾರದವರು ಮನೆ ಹೊಕ್ಕು ರೋಗಿಗಳನ್ನು ಎಳೆದೊಯ್ಯುತ್ತಿದ್ದರಿಂದ ಸಿಟ್ಟು ಏರಿ, 1897ರಲ್ಲಿ ಪುಣೆಯ ಪ್ಲೇಗ್ ಅಧಿಕಾರಿಯಾದ ರ್ಯಾಂಡನ ಕೊಲೆಯೂ ನಡೆಯಿತು. ಬಲಾತ್ಕಾರದಿಂದಲ್ಲ, ಒಪ್ಪಿಗೆಯಿಂದಲೇ ಸೂಜಿ ಹಾಕಬೇಕೆಂಬದು ಹಾಫ್ಕಿನನ ಪಕ್ಷವಾಗಿತ್ತು. 1898ರಲ್ಲಿ ಪ್ಲೇಗು ನಮ್ಮ ಹುಬ್ಬಳ್ಳಿಗೂ ಧಾರವಾಡಕ್ಕೂ ಬಂತು. ಬಾಸೆಲ್ ಮಿಶನಿನ ಸಭೆಗಳು ಆಗಲೇ ಬೇರೂರಿದ್ದ ಈ ಊರುಗಳಲ್ಲಿ ಎಂಥ ಸಂಕಟವಾಗಿರಬೇಕೆಂದು ಊಹಿಸಬಹುದು. ಹುಬ್ಬಳ್ಳಿಯಲ್ಲಿ ಆಗ ಸುಮಾರು ಐವತ್ತು ಸಾವಿರ ಜನರಿದ್ದರು. ಅವರಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರು ಕೆಲವೇ ತಿಂಗಳುಗಳಲ್ಲಿ ಹಾಫ್ಕಿನನ ಮದ್ದನ್ನು ತೆಗೆದುಕೊಂಡರು. ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದು ಪಟ್ಟಣವೇ ತೋಳು ಒಡ್ಡಿದ್ದು ಆ ಕಾಲದಲ್ಲಿ ಅಪರೂಪ. ಆ ಮದ್ದು ಎಲ್ಲರನ್ನೂ ಉಳಿಸಲಿಲ್ಲ. ಅದರ ಬಲವು ಬಹುಕಾಲ ನಿಲ್ಲುತ್ತಲೂ ಇರಲಿಲ್ಲ. ಆದರೂ ರೋಗ ಹಿಡಿಯುವವರೂ ಸಾಯುವವರೂ ಬಹಳವಾಗಿ ಕಡಿಮೆಯಾದರು.

1899ರಲ್ಲಿ ಮುಂಬಯಿಯ ಪರೇಲಿನಲ್ಲಿದ್ದ ಹಳೆಯ ಗವರ್ನರರ ಬಂಗಲೆಯೇ ಆತನ ಪ್ರಯೋಗಶಾಲೆಯಾಯಿತು. ಮೂರು ವರುಷಗಳ ಮೇಲೆ ಆತನ ಜೀವಮಾನದ ದೊಡ್ಡ ದುಃಖವು ಬಂತು.

1902ನೆಯ ಅಕ್ಟೋಬರ್ 30ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನರಿಗೆ ಐದು ಸೀಸೆಗಳಿಂದ ಮದ್ದು ಹಾಕಲಾಯಿತು. ಕೆಲವು ದಿನಗಳಾದ ಮೇಲೆ ಅವರಲ್ಲಿ 19 ಜನರ ದವಡೆ ಬಿಗಿದು, ಬೆನ್ನು ಬಿಲ್ಲಿನಂತೆ ಬಾಗಿ, ಧನುರ್ವಾಯುವಿನಿಂದ ಒಬ್ಬರೂ ಉಳಿಯದೆ ಸತ್ತುಹೋದರು. ಹತ್ತೊಂಬತ್ತು ಜನರಿಗೂ ಒಂದೇ ಸೀಸೆಯ ಮದ್ದು ಬಿದ್ದಿತ್ತು. ಉಳಿದ ನಾಲ್ಕು ಸೀಸೆಗಳ 88 ಜನರಿಗೆ ಏನೂ ಆಗಲಿಲ್ಲ. ಸೂಜಿ ಹಾಕಿಸಿಕೊಂಡರೆ ಉಳಿಯುವೆವೆಂದು ನಂಬಿ ಬಂದ ಹಳ್ಳಿಯವರು ಸತ್ತದ್ದು ಅತಿ ಘೋರವಾದ ಸಂಗತಿ. ಯಾರ ನಿರಪರಾಧವು ಸ್ಥಾಪಿತವಾದರೂ ಆ ಹತ್ತೊಂಬತ್ತು ಮನೆಗಳ ಅಳುವು ಕಡಿಮೆಯಾಗುವದಿಲ್ಲ.

ಸರಕಾರದವರು ವಿಚಾರಣಾ ಮಂಡಲಿಯನ್ನು ನೇಮಿಸಿದರು. ಹಾಫ್ಕಿನನು ಮದ್ದನ್ನು ಬೇಗ ಸಿದ್ಧಮಾಡುವದಕ್ಕಾಗಿ, ಮೊದಲು ಬೆರೆಸುತ್ತಿದ್ದ ಕಾರ್ಬೋಲಿಕ್ ದ್ರವವನ್ನು ಬಿಟ್ಟಿದ್ದನು. ಪಾಶ್ಚರ್ ಮಂದಿರದಲ್ಲಿಯೂ ಹಾಗೆಯೇ ಮಾಡುತ್ತಿದ್ದರು. ಮಂಡಲಿಯವರು ಇದನ್ನೇ ಹಿಡಿದು, ಸೀಸೆಯು ಮುಂಬಯಿಯಲ್ಲಿಯೇ ಕೆಟ್ಟಿರಬೇಕೆಂದು ತೀರ್ಮಾನಿಸಿದರು. ಆತನು ಕೆಲಸದಿಂದ ತೆಗೆಯಲ್ಪಟ್ಟು, ಸಂಬಳವಿಲ್ಲದೆ ದೇಶ ಬಿಟ್ಟು ಹೋಗಬೇಕಾಯಿತು. ವೈದ್ಯ ಪದವಿಯಿಲ್ಲದ ಪರದೇಶದ ಯೆಹೂದ್ಯನ ಪಕ್ಷವನ್ನು ಹಿಡಿಯುವವರು ಅಧಿಕಾರಿಗಳಲ್ಲಿ ಹೆಚ್ಚು ಇರಲಿಲ್ಲ.

ಸತ್ಯವು ಆ ಹಳ್ಳಿಯಲ್ಲಿಯೇ ಬಿದ್ದಿತ್ತು. ಆ ಸೀಸೆಯನ್ನು ತೆರೆಯುವಾಗ ಸಹಾಯಕನ ಕೈಯಿಂದ ಚಿಮಟವು ನೆಲಕ್ಕೆ ಬಿದ್ದಿತ್ತು. ಆತನು ಅದನ್ನು ಬೆಂಕಿಯಲ್ಲಿ ಕಾಯಿಸದೆ, ಕಾರ್ಬೋಲಿಕ್ ನೀರಿನಲ್ಲಿ ಅದ್ದಿ ಅದರಿಂದಲೇ ಸೀಸೆಯ ಬಿರಡೆಯನ್ನು ತೆಗೆದಿದ್ದನು. ಧನುರ್ವಾಯುವಿನ ಕ್ರಿಮಿಯು ಮಣ್ಣಿನಲ್ಲಿಯೂ ಸಗಣಿಯಲ್ಲಿಯೂ ಇರುವದು. ಅಷ್ಟರಿಂದ ಅದು ಸಾಯುವದಿಲ್ಲ. ಅದಲ್ಲದೆ, ವಾರಗಟ್ಟಲೆ ಹಿಂದೆ ಮುಂಬಯಿಯಲ್ಲಿ ಮುಚ್ಚಿದ ಸೀಸೆಯೊಳಗೆ ಆ ಕ್ರಿಮಿಗಳು ಬೆಳೆದಿದ್ದರೆ ತೆರೆದ ಕೂಡಲೆ ದುರ್ವಾಸನೆ ಹೊಡೆಯಬೇಕಾಗಿತ್ತು. ಅಂಥ ವಾಸನೆ ಇರಲಿಲ್ಲ. ಈ ಪುರಾವೆಗಳು ಸರಕಾರದ ಕಾಗದಗಳಲ್ಲಿಯೇ ಇದ್ದವು. ಮಲೇರಿಯ ಜ್ವರವು ಸೊಳ್ಳೆಯಿಂದ ಹಬ್ಬುವದೆಂದು ತೋರಿಸಿಕೊಟ್ಟ ರೊನಾಲ್ಡ್ ರಾಸನು ಆ ಕಾಗದಗಳನ್ನು ಓದಿ ಕೋಪಗೊಂಡು, ಹಾಫ್ಕಿನನ ಪರವಾಗಿ ಪತ್ರಿಕೆಗಳಲ್ಲಿ ಬರೆಯತೊಡಗಿದನು. 1907ನೆಯ ಜುಲೈ ತಿಂಗಳಲ್ಲಿ ರಾಸನೂ ಬೇರೆ ಪ್ರಸಿದ್ಧ ಪಂಡಿತರೂ ಸೇರಿ ಲಂಡನಿನ ಟೈಮ್ಸ್ ಪತ್ರಿಕೆಯಲ್ಲಿ ಪತ್ರವನ್ನು ಅಚ್ಚುಹಾಕಿಸಿದರು. ಆ ವರುಷದ ಕೊನೆಯಲ್ಲಿ ಸರಕಾರವು ಆತನನ್ನು ಮರಳಿ ಕೆಲಸಕ್ಕೆ ಕರೆಯಿತು.

ಕರೆಯಿತು, ಆದರೆ ಪರೇಲಿಗೆ ಅಲ್ಲ. ಆ ಸ್ಥಾನವು ಬೇರೊಬ್ಬರಿಗೆ ಹೋಗಿತ್ತು. ಕಲ್ಕತ್ತದ ಒಂದು ಪ್ರಯೋಗಶಾಲೆಯನ್ನು ಆತನಿಗೆ ಕೊಟ್ಟು, ಮನುಷ್ಯರ ಮೇಲೆ ಹೊಸ ಮದ್ದುಗಳನ್ನು ಪರೀಕ್ಷಿಸುವ ಅಪ್ಪಣೆಯನ್ನು ತಡೆಹಿಡಿದರು. ಕಟ್ಟಿದ ಕೈಗಳಿಂದ ಕೆಲವು ವರುಷ ದುಡಿದು, ಐವತ್ತೈದನೆಯ ವಯಸ್ಸಿನ ಹೊತ್ತಿಗೆ ನಿವೃತ್ತನಾಗಿ ಆತನು ಹಿಂದೂ ದೇಶವನ್ನು ಬಿಟ್ಟನು. ಅಷ್ಟರಲ್ಲಿ ಆತನ ಮದ್ದು ಮಾತ್ರ ಪರೇಲಿನಿಂದ ಊರೂರಿಗೆ ಹೋಗುತ್ತಲೇ ಇತ್ತು. 1925ರ ವರೆಗೆ ಎರಡೂವರೆ ಕೋಟಿಗೂ ಹೆಚ್ಚು ಸಲದ ಮದ್ದು ಅಲ್ಲಿಂದ ಹೊರಟಿತು. ಆ ವರುಷವೇ ಪರೇಲಿನ ಪ್ರಯೋಗಶಾಲೆಗೆ ಹಾಫ್ಕಿನ್ ಇನ್‌ಸ್ಟಿಟ್ಯೂಟ್ ಎಂಬ ಹೆಸರನ್ನಿಟ್ಟರು. ಇಂದಿಗೂ ಅದೇ ಹೆಸರು. ಈಗ ಪ್ಲೇಗು ಬಂದರೂ ಬೇಗನೆ ಔಷಧ ಕೊಟ್ಟರೆ ಗುಣವಾಗುವದು. ಹಾಫ್ಕಿನನ ಕಾಲದಲ್ಲಿ ಅಂಥ ಔಷಧವು ಲೋಕದಲ್ಲೇ ಇರಲಿಲ್ಲ.

ಹಾಫ್ಕಿನನು ಮದುವೆಯಾಗಲಿಲ್ಲ. ಕೊನೆಯ ವರುಷಗಳಲ್ಲಿ ಪಿತೃಗಳ ಧರ್ಮಾಚಾರಗಳನ್ನು ಹೆಚ್ಚಾಗಿ ಕೈಕೊಂಡು, ಅವುಗಳ ಪರವಾಗಿ ಬರೆದನು. 1930ನೆಯ ಅಕ್ಟೋಬರ್ 26ರಲ್ಲಿ ಸ್ವಿಸ್ ದೇಶದ ಲೋಸಾನ್ ಪಟ್ಟಣದಲ್ಲಿ ತೀರಿಕೊಂಡನು. ಕೂಡಿಟ್ಟ ಹಣವನ್ನು, ಪೂರ್ವ ಯುರೋಪಿನ ಬಡ ಯೆಹೂದ್ಯ ಹುಡುಗರು ಧರ್ಮಶಾಸ್ತ್ರವನ್ನು ಕಲಿಯುವ ಪಾಠಶಾಲೆಗಳಿಗೆ ಬರೆದಿಟ್ಟಿದ್ದನು.