ಚಿನ್ನ ಕಂಡ ಹೊರೆಯಾಳು

ಕೆನಡಾ ದೇಶದ ವಾಯವ್ಯ ಮೂಲೆಯಲ್ಲಿರುವ ಯೂಕಾನ್ ಸೀಮೆಯಲ್ಲಿ ಬೇಸಿಗೆಯೆಂಬುದು ಅತಿಥಿಯಂತೆ ಬಂದು ಹೋಗುವ ಋತು. ಅದು ಬೀಳ್ಕೊಳ್ಳುವ ಮುನ್ನ, ಆಗಸ್ಟ್ ತಿಂಗಳ ಮೂರನೆಯ ಸೋಮವಾರವನ್ನು ನಡುವಿಟ್ಟುಕೊಂಡು, ಡಾಸನ್ ಪಟ್ಟಣದ ಜನ ಮೆರವಣಿಗೆ ಕಟ್ಟಿ ಉತ್ಸವ ನಡೆಸುತ್ತಾರೆ. ಅದಕ್ಕೆ ಶೋಧನೆಯ ದಿನವೆಂದು ಹೆಸರು. ೧೮೯೬ರ ಆಗಸ್ಟಿನಲ್ಲಿ ಮೊಲದ ಹಳ್ಳವೆಂಬ ಸಣ್ಣ ತೊರೆಯಲ್ಲಿ ಚಿನ್ನ ದೊರೆತುದರ ಸ್ಮರಣೆ ಅದು. ಆ ಚಿನ್ನ ದೊರೆಯದಿದ್ದರೆ ಡಾಸನ್ ಪಟ್ಟಣವೇ ಹುಟ್ಟುತ್ತಿರಲಿಲ್ಲ. ಆದರೆ ಅದನ್ನು ಮೊದಲು ಕಂಡವರು ಯಾರು? ಸರ್ಕಾರದ ದಫ್ತರ ಒಂದು ಹೆಸರನ್ನು ಹೇಳುತ್ತದೆ. ಅಲ್ಲಿಯ ಮೂಲನಿವಾಸಿಗಳ ಮನೆಮಾತು ಇನ್ನೊಂದನ್ನು ಹೇಳುತ್ತದೆ. ಈ ಎರಡನೆಯ ಹೆಸರು ಕೀಶ್. ಲೋಕ ಅವನನ್ನು ಬಲ್ಲುದು ಸ್ಕೂಕಮ್ ಜಿಮ್ ಎಂದು.

ಕೀಶ್ ೧೮೫೫ರ ಸುಮಾರಿಗೆ ಯೂಕಾನ್ ನದಿಯ ಮೇಲಣ ಸರೋವರಗಳ ಸೀಮೆಯಲ್ಲಿ ಹುಟ್ಟಿದನು. ಅವನ ಮನೆತನದಲ್ಲಿ ಟ್ಯಾಗಿಷ್ ಮತ್ತು ಕಡಲ ಕರೆಯ ತ್ಲಿಂಗಿಟ್ ಜನಾಂಗಗಳೆರಡೂ ಬೆರೆತಿದ್ದವು. ಆ ಜನರಲ್ಲಿ ಕುಲ ತಾಯಿಯ ಕಡೆಯಿಂದ ಇಳಿದುಬರುತ್ತದೆ. ನಮ್ಮ ತುಳುನಾಡಿನ ಅಳಿಯಸಂತಾನವನ್ನು ಬಲ್ಲವರಿಗೆ ಈ ಏರ್ಪಾಟು ಹೊಸತೆನಿಸದು. ಅಕ್ಕತಂಗಿಯರ ಹೊಣೆ ಅಣ್ಣತಮ್ಮಂದಿರ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆಂಬುದನ್ನು ನೆನಪಿಟ್ಟರೆ ಕೀಶನ ಬಾಳಿನ ಮುಖ್ಯ ತಿರುವು ಅರ್ಥವಾದೀತು.

ಯೌವನದಲ್ಲಿ ಅವನದು ಹೊರೆ ಹೊರುವ ಕೆಲಸ. ಕಡಲ ದಂಡೆಯಿಂದ ಒಳನಾಡಿಗೆ ಚಿಲ್ಕೂಟ್ ಕಣಿವೆಯ ಕಡಿದಾದ ದಾರಿಯಲ್ಲಿ ಬಿಳಿಯರ ಸಾಮಾನು ಸಾಗಿಸುವವರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಒಮ್ಮೆ ೧೫೬ ಪೌಂಡು ಹಂದಿಮಾಂಸವನ್ನು ಬೆನ್ನ ಮೇಲೆ ಹೊತ್ತು ಆ ಕಣಿವೆಯನ್ನು ದಾಟಿದನೆಂದು ಪ್ರಸಿದ್ಧಿ. ಚಿನೂಕ್ ಎಂಬ ವ್ಯಾಪಾರದ ಬೆರಕೆ ಮಾತಿನಲ್ಲಿ ಸ್ಕೂಕಮ್ ಎಂದರೆ ಬಲಶಾಲಿ. ಬಿರುದು ಹೀಗೆ ಬಂದಿತು. ೧೮೮೭ರಲ್ಲಿ ಮೋಜಣಿಯ ಅಧಿಕಾರಿ ವಿಲಿಯಂ ಒಗಿಲ್ವಿಯ ತಂಡಕ್ಕೆ ನೆರವಾಗಿದ್ದಾಗ, ವಿಲಿಯಂ ಮೂರ್ ಎಂಬ ನಾವಿಕನನ್ನು ಇನ್ನೊಂದು ಕಣಿವೆಯ ಮೂಲಕ ಕರೆದೊಯ್ದನು. ಹತ್ತು ಹನ್ನೆರಡು ವರ್ಷಗಳಲ್ಲಿ ಅದೇ ಹಾದಿಯಲ್ಲಿ ರೈಲು ಓಡಿತು. ಕಣಿವೆಗೆ ಮಾತ್ರ ವೈಟ್ ಎಂಬ ಮಂತ್ರಿಯ ಹೆಸರನ್ನಿಟ್ಟರು. ದಾರಿ ತೋರಿದವನ ಹೆಸರು ದಾರಿಗೆ ಸಲ್ಲಲಿಲ್ಲ. ಇದು ಮುಂದಾಗುವುದರ ಮುನ್ಸೂಚನೆಯಂತಿದೆ.

ಆ ದಿನಗಳಲ್ಲಿ ಜಾರ್ಜ್ ಕಾರ್ಮಾಕ್ ಎಂಬ ಅಮೆರಿಕದ ಬಿಳಿಯನು ಕೀಶನ ಗೆಳೆತನಕ್ಕೆ ಬಂದು, ಅವನ ಸೋದರಿ ಷಾ ತ್ಲಾಳ ಕೈಹಿಡಿದನು. ಆಕೆಯನ್ನು ಬಿಳಿಯರು ಕೇಟ್ ಎಂದು ಕರೆದರು. ದಂಪತಿಗಳು ನದಿಯ ಕೆಳಗೆ ದೂರ ಹೋದರು. ಬಹುಕಾಲ ಸುದ್ದಿಯೇ ಇಲ್ಲ. ೧೮೯೬ರಲ್ಲಿ ಕೀಶ್ ಸೋದರಳಿಯಂದಿರೊಡನೆ ಹೊರಟುದು ಈ ಸೋದರಿಯ ಕ್ಷೇಮವನ್ನು ಅರಸಿಕೊಂಡು. ಆದರೂ ಅವನ ಜನ ಹೇಳುವ ಕಥೆಯಲ್ಲಿ ಚಿನ್ನದ ಕರೆ ಮೊದಲೇ ಬಂದಿತ್ತು. ಹಿಂದೊಮ್ಮೆ ಕುಳಿಯಲ್ಲಿ ಸಿಕ್ಕಿಕೊಂಡಿದ್ದ ಕಪ್ಪೆಯನ್ನು ಅವನು ಬದುಕಿಸಿದ್ದನು. ಮುಂದೆ ಅವನಿಗೆ ಗಾಯವಾದಾಗ ಕಪ್ಪೆಯೊಂದು ಬಂದು ನೆಕ್ಕಿ ವಾಸಿಮಾಡಿತು. ಬಳಿಕ ಅದು ಹೆಣ್ಣಿನ ರೂಪದಲ್ಲಿ ಕನಸಿಗೆ ಬಂದು, ಹೊನ್ನಿನ ಕೋಲಿನಿಂದ ನದಿಯ ಕೆಳಗಣ ದಿಕ್ಕನ್ನು ತೋರಿತಂತೆ. ಇದನ್ನು ಕಟ್ಟುಕಥೆಯೆಂದು ತಳ್ಳಿಬಿಡುವವರು, ಬಿಳಿಯರು ಬರೆದಿಟ್ಟ ವೃತ್ತಾಂತಗಳು ಒಂದರೊಡನೊಂದು ಎಷ್ಟು ಹೊಂದುತ್ತವೆಂಬುದನ್ನೂ ನೋಡಬೇಕು.

ಕ್ಲಾಂಡೈಕ್ ಹೊಳೆಯ ಬಾಯಲ್ಲಿ ಸೋದರಿ ಸಿಕ್ಕಿದಳು. ಹತ್ತಿರದ ಬೆಟ್ಟದಾಚೆ ಚಿನ್ನ ಹುಡುಕುತ್ತಿದ್ದ ರಾಬರ್ಟ್ ಹೆಂಡರ್ಸನ್, ಕಾರ್ಮಾಕನಿಗೆ ಸ್ವಾಗತವಿತ್ತನು. ಮೂಲನಿವಾಸಿಗಳು ಅಲ್ಲಿ ಪಾಲು ಹಿಡಿಯುವುದು ಮಾತ್ರ ಅವನಿಗೆ ಬೇಡವಾಗಿತ್ತು. ಅವರಿಗೆ ಹೊಗೆಸೊಪ್ಪನ್ನು ಮಾರಲೂ ಒಪ್ಪಲಿಲ್ಲವಂತೆ. ಅಲ್ಲಿಂದ ಮರಳುವ ದಾರಿಯಲ್ಲಿ, ಮೊಲದ ಹಳ್ಳದಲ್ಲಿ, ಚಿನ್ನ ಕಂಡಿತು. ತಾನೇ ಕಂಡೆನೆಂದು ಕಾರ್ಮಾಕ್ ಕಡೆಯವರೆಗೂ ಸಾಧಿಸಿದನು. ಕೀಶ್ ಒಗಿಲ್ವಿಗೆ ಹೇಳಿದ್ದೇ ಬೇರೆ: ಮೂಸ್ ಎಂಬ ದೊಡ್ಡ ಕಡವೆಯನ್ನು ಹೊಡೆದು, ಜೊತೆಯವರ ಬರವಿಗಾಗಿ ಕಾಯುತ್ತ, ತೊರೆಯ ಮರಳಿನತ್ತ ನೋಡಿದಾಗ ಕಂಡವನು ತಾನು ಎಂದು. ಒಗಿಲ್ವಿ ಅದನ್ನು ತನ್ನ ಪುಸ್ತಕದಲ್ಲಿ ದಾಖಲಿಸಿದನು.

ಮೊದಲು ಕಂಡವನಿಗೆ ಎರಡು ಪಾಲು, ಉಳಿದವರಿಗೆ ಒಂದೊಂದು ಎಂಬುದು ಗಣಿಯ ಕಟ್ಟಳೆ. ಮೂಲನಿವಾಸಿಯ ಹೆಸರಿನಲ್ಲಿ ಆ ಹಕ್ಕನ್ನು ಯಾರೂ ಮನ್ನಿಸರೆಂದು ಕಾರ್ಮಾಕ್ ವಾದಿಸಿದನು. ಎರಡು ಪಾಲು ಅವನಿಗಾಯಿತು. ಕೀಶನಿಗೊಂದು, ಸೋದರಳಿಯ ಡಾಸನ್ ಚಾರ್ಲಿಗೊಂದು. ಕೇಟಳ ಹೆಸರಿಗೆ ಒಂದೂ ಇಲ್ಲ. ಸುದ್ದಿ ತಿಳಿಯದ ಹೆಂಡರ್ಸನ್ ಬೆಟ್ಟದಾಚೆ ಅಗೆಯುತ್ತಲೇ ಇದ್ದನು. ಕೆನಡಾ ಸರ್ಕಾರ ಅವನನ್ನೂ ಶೋಧಕನೆಂದು ಗಣಿಸಿ ಮುಂದೆ ವಿಶ್ರಾಂತಿವೇತನ ಕೊಟ್ಟಿತು!

೧೮೯೭ರ ಜುಲೈಯಲ್ಲಿ ಚಿನ್ನ ಹೊತ್ತ ಹಡಗುಗಳು ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಸಿಯಾಟಲ್ ಬಂದರುಗಳನ್ನು ಮುಟ್ಟಿದವು. ಸುಮಾರು ೧,೦೦,೦೦೦ ಜನ ಹುಚ್ಚೆದ್ದು ಹೊರಟರು. ಅರ್ಧಕ್ಕಿಂತ ಕಡಿಮೆ ಮಂದಿ ಗುರಿ ಸೇರಿದರು. ಸೇರಿದವರಿಗೂ ಒಳ್ಳೆಯ ಪಾಲುಗಳು ಉಳಿದಿರಲಿಲ್ಲ. ಹೊಳೆಯ ಬಾಯಲ್ಲಿ ಮೀನು ಹಿಡಿದು ಬಾಳುತ್ತಿದ್ದ ಸ್ಥಳೀಯರು ನೆಲೆ ಬಿಟ್ಟು ಮೂಸ್‌ಹೈಡ್ ಎಂಬಲ್ಲಿಗೆ ಸರಿಯಬೇಕಾಯಿತು.

ಕೀಶನ ಪಾಲು ಅವನನ್ನು ಸಿರಿವಂತನನ್ನಾಗಿಸಿತು. ೧೯೦೪ರಲ್ಲಿ ಗಣಿಯನ್ನು ಮಾರಿದನು. ಕಾರ್‌ಕ್ರಾಸ್ ಎಂಬ ಊರಿನಲ್ಲಿ ದೊಡ್ಡ ಮನೆ ಕಟ್ಟಿಸಿದನು. ಮನೆ ನಿಂತಿತು, ಸಂಸಾರ ನಿಲ್ಲಲಿಲ್ಲ; ಹೆಂಡತಿ ಕಡಲತೀರದ ತವರಿಗೆ ಹೊರಟುಹೋದಳು. ೧೯೦೮ರಲ್ಲಿ ಚಾರ್ಲಿ ಸೇತುವೆಯಿಂದ ಬಿದ್ದು ಮುಳುಗಿದನು. ಕಾರ್ಮಾಕ್ ಕೇಟಳನ್ನು ತೊರೆದು ಬೇರೊಬ್ಬಳನ್ನು ಮದುವೆಯಾದನು. ಬರಿಗೈಯಲ್ಲಿ ಮರಳಿದ ಆಕೆಗೆ ಗುಡಿಸಲು ಕಟ್ಟಿಕೊಟ್ಟವನು ಕೀಶನೇ. ಕೈಯಲ್ಲಿ ಹಣವಿದ್ದೂ ಅವನು ಪ್ರತಿವರ್ಷ ಬೆಟ್ಟಕಾಡುಗಳಲ್ಲಿ ಚಿನ್ನವನ್ನರಸಿ ಅಲೆಯುತ್ತಿದ್ದನು. ಎರಡನೆಯ ಸಲ ಅದು ಅವನಿಗೆ ಒಲಿಯಲಿಲ್ಲ.

೧೯೧೬ರ ಜುಲೈ ೧೧ರಂದು, ದೀರ್ಘ ಕಾಯಿಲೆಯ ನಂತರ, ಕೀಶ್ ತೀರಿಕೊಂಡನು. ಕೇಟ್ ಇನ್ನು ನಾಲ್ಕು ವರ್ಷ ಬದುಕಿದ್ದು ೧೯೨೦ರ ಜ್ವರದ ಹಾವಳಿಯಲ್ಲಿ ಅಳಿದಳು. ಕೆನಡಾದ ಗಣಿಗಾರಿಕೆಯ ಗೌರವಪಟ್ಟಿಗೆ ಆಕೆಯ ಹೆಸರು ಸೇರಿದುದು ೨೦೧೯ರಲ್ಲಿ. ಕೀಶ್ ತನ್ನ ಹಣವನ್ನು ನಿಧಿಯಾಗಿ ಕಟ್ಟಿಟ್ಟಿದ್ದನು. ಮಗಳ ಕಾಲದ ಅನಂತರ ಅದು ಯೂಕಾನಿನ ಮೂಲನಿವಾಸಿಗಳ ಹಿತಕ್ಕೆ ಸಂದಿತು. ವೈಟ್‌ಹಾರ್ಸ್ ಪಟ್ಟಣದಲ್ಲಿ ಅವರ ಸ್ನೇಹಕೇಂದ್ರವೊಂದು ಇಂದಿಗೂ ನಡೆಯುತ್ತಿದೆ. ಅದರ ಬಾಗಿಲ ಮೇಲಿರುವುದು ಸ್ಕೂಕಮ್ ಜಿಮ್ಮನ ಹೆಸರು.