ನೂಲಿನ ವರ್ಷ ಮತ್ತು ಹುದಲಿಯ ದೇಶಪಾಂಡೆಯವರು

2024ನೆಯ ಇಸವಿಯ ಡಿಸೆಂಬರ ಮಾಸದಲ್ಲಿ ಕಾಂಗ್ರೆಸ್ ಅಧಿವೇಶನದ ಶತಮಾನೋತ್ಸವಕ್ಕಾಗಿ ಬೆಳಗಾವಿ ನಗರವು ದೀಪಗಳಿಂದ ಅಲಂಕೃತವಾದುದನ್ನು ನಮ್ಮ ವಾಚಕರು ಬಲ್ಲರು. ಆದರೆ ಆ ಅಧಿವೇಶನದ ಬೆನ್ನಿಗೇ ಬಂದ 1925ನೆಯ ವರ್ಷದ ಶತಮಾನವು ಕಳೆದುಹೋದಾಗ ಯಾವ ಸದ್ದೂ ನಮ್ಮ ಕಿವಿಗೆ ಬೀಳಲಿಲ್ಲ. ಸಭೆಯು ಎರಡು ದಿನದ ಮಾತು. ಅದು ಹೊರಿಸಿದ ಕೆಲಸವು ವರ್ಷದ ಮಾತು. ನಾಲ್ಕಾಣೆ ವರ್ಗಣಿಯ ಬದಲಾಗಿ ತಿಂಗಳಿಗೆ 2000 ಗಜ ನೂಲನ್ನು ಒಪ್ಪಿಸಿದವನೇ ಕಾಂಗ್ರೆಸ್ಸಿನ ಸದಸ್ಯನೆಂದು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ನಿಶ್ಚಯವಾದುದು ಬೆಳಗಾವಿಯಲ್ಲಿಯೇ. ಆ ವರ್ಷವನ್ನು ನೆನೆಯಹೊರಟಾಗ ನಮ್ಮ ಕಣ್ಣೆದುರಿಗೆ ಬರುವವರು ಅಧಿವೇಶನದ ಸ್ವಾಗತಾಧ್ಯಕ್ಷರಾಗಿದ್ದ ಹುದಲಿಯ ಗಂಗಾಧರರಾವ ದೇಶಪಾಂಡೆಯವರು.

ಬೆಳಗಾವಿ ತಾಲೂಕಿನ ಹುದಲಿಯಲ್ಲಿ 1871ನೆಯ ಇಸವಿಯ ಮಾರ್ಚ 31ರಂದು ಅವರು ಜನಿಸಿದರು. ಮನೆತನವು ವತನದಾರರದು. ಇಂಥ ಮನೆಗಳಲ್ಲಿ ಹುಟ್ಟಿದವರಿಗೆ ಆಜ್ಞೆ ಮಾಡುವುದು ಕಲಿಯದೆ ಬರುವ ವಿದ್ಯೆ. ಕೈಯಿಂದ ಕೆಲಸ ಮಾಡುವುದು ಕಲಿತರೂ ಬಾರದ ವಿದ್ಯೆ. ಗಂಗಾಧರರಾಯರ ರಾಜಕಾರಣವು ಓದಿನಿಂದ ಪ್ರಾರಂಭವಾಯಿತು. ‘ಕೇಸರಿ’ ಪತ್ರವನ್ನೋದಿ ಲೋಕಮಾನ್ಯ ತಿಲಕರ ಬೆನ್ನು ಹತ್ತಿದ ತರುಣರ ಪೀಳಿಗೆ ಅವರದು. ಗಣೇಶೋತ್ಸವ, ಸ್ವದೇಶಿ ವ್ರತ, ವಿದೇಶಿ ಬಹಿಷ್ಕಾರ ಇವೆಲ್ಲವುಗಳಲ್ಲಿ ಬೆಳಗಾವಿಯು ಪುಣೆಯನ್ನು ಅನುಸರಿಸಿದ್ದರೆ ಅದರ ಬಹುಭಾಗದ ಶ್ರೇಯಸ್ಸು ಇವರಿಗೆ ಸಲ್ಲತಕ್ಕದ್ದು. 1916ನೆಯ ಏಪ್ರಿಲದಲ್ಲಿ ತಿಲಕರು ತಮ್ಮ ಹೋಂ ರೂಲ್ ಸಂಘವನ್ನು ಬೆಳಗಾವಿಯಲ್ಲಿ ಸ್ಥಾಪಿಸಿದರು. ಅದೇ ಪ್ರಸಂಗದಲ್ಲಿ ಗಾಂಧಿಯವರೂ ಬೆಳಗಾವಿಗೆ ಬಂದಿದ್ದರು. ಆದರೆ ಆಗ ಜನರ ಕಣ್ಣೆಲ್ಲ ತಿಲಕರ ಮೇಲೆ.

1920ನೆಯ ಆಗಸ್ಟ 1ರಂದು ತಿಲಕರು ತೀರಿಕೊಂಡರು. ಅವರ ಅನುಯಾಯಿಗಳಲ್ಲಿ ಅನೇಕರು ಅಸಹಕಾರವನ್ನೂ ಚರಕವನ್ನೂ ಕಡೆಯವರೆಗೆ ನಂಬಲಿಲ್ಲ. ಗುರುವಿನ ಸ್ಥಾನದಲ್ಲಿ ಇನ್ನೊಬ್ಬರನ್ನು ಕೂಡಿಸುವುದು ಐವತ್ತರ ಹೊಸ್ತಿಲಲ್ಲಿದ್ದವನಿಗೆ ಸುಲಭವಲ್ಲ. ಆ ವಯಸ್ಸನ್ನು ದಾಟಿರುವ ನಾವು ಇದನ್ನು ಬಲ್ಲೆವು. ಗಂಗಾಧರರಾಯರು ಆ ಹೆಜ್ಜೆಯನ್ನಿಟ್ಟರು. ನಾಗಪುರದ ನಿರ್ಣಯದಂತೆ ಕರ್ನಾಟಕಕ್ಕೆ ಪ್ರತ್ಯೇಕ ಪ್ರಾಂತಿಕ ಸಮಿತಿಯುಂಟಾದಾಗ ಅದರ ಪ್ರಥಮ ಅಧ್ಯಕ್ಷರೂ ಅವರೇ.

ಬೆಳಗಾವಿಯ ಅಧಿವೇಶನವನ್ನು ಅವರು ಹಳೆಯ ಠೀವಿಯಿಂದಲೇ ನಡೆಯಿಸಿದರು. ನೀರಿಗಾಗಿ ಬಾವಿಯನ್ನೇ ತೋಡಿಸಿದರು. ತಿಲಕವಾಡಿಯ ಆ ಬಾವಿಯು ಇಂದಿಗೂ ಕಾಂಗ್ರೆಸ್ ಬಾವಿಯೆಂದೇ ಪ್ರಸಿದ್ಧವಿದೆ. ತಮಗಾಗಿ ಕಟ್ಟಿಸಿದ ಕುಟೀರದ ವೆಚ್ಚವನ್ನು ಕೇಳಿ ಗಾಂಧಿಯವರು ಅಸಮಾಧಾನಪಟ್ಟರು. ಸರಿಯಾಗಿ ನೂರು ವರ್ಷಗಳ ಹಿಂದೆ, 1824ರ ಡಿಸೆಂಬರದಲ್ಲಿ, ಕಿತ್ತೂರಿನ ಕೋಟೆ ಬಿದ್ದು ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಗೆ ಸೇರಿದ್ದಳು. ಕತ್ತಿ ಹಿಡಿದು ಸೋತ ನಾಡಿನ ಕೈಗೆ ನೂರು ವರ್ಷಗಳ ಮೇಲೆ ಕದಿರನ್ನು ಕೊಡಬಂದರೆಂದು ಅಂದು ಅನೇಕರು ನಕ್ಕಿದ್ದರೆ ಅದು ಅಸ್ವಾಭಾವಿಕವಲ್ಲ.

ಈ 2000 ಗಜದ ಲೆಕ್ಕವನ್ನು ಸ್ವಲ್ಪ ವಿಚಾರಿಸೋಣ. 840 ಗಜಕ್ಕೆ ಒಂದು ಲಡಿ. ಆದ್ದರಿಂದ ತಿಂಗಳಿಗೆ ಎರಡು ಲಡಿಗಿಂತ ತುಸು ಹೆಚ್ಚು. ದಿನಕ್ಕೆ ಸುಮಾರು 67 ಗಜ. ಕೈ ಪಳಗಿದವನಿಗೆ ಇದು ಅರ್ಧ ತಾಸಿನೊಳಗಿನ ಕೆಲಸ. ವರ್ಷದ 24,000 ಗಜವು ಹತ್ತು ನಂಬರಿನ ನೂಲಾದರೆ ಮೂರು ಪೌಂಡಿಗೂ ಕಡಿಮೆ ತೂಗುವುದು. ಒಬ್ಬನಿಗೆ ಒಂದು ಧೋತರ, ಒಂದು ಅಂಗಿಯಾದೀತು. ಇಷ್ಟು ಸಣ್ಣ ಮೊತ್ತಕ್ಕಾಗಿ ವಕೀಲರೂ ಜಮೀನುದಾರರೂ ಏಕೆ ಕಂಗೆಟ್ಟರು? ಹಣವನ್ನು ಒಮ್ಮೆ ಎಣಿಸಿ ಕೊಟ್ಟು ವರ್ಷವೆಲ್ಲ ಮರೆತಿರಬಹುದು, ನೂಲು ಹಾಗಲ್ಲ. ಹಂಜಿ ಕೆಟ್ಟಿದ್ದರೆ ಎಳೆ ಹರಿಯುವುದು, ಮನಸ್ಸು ಚಂಚಲವಾದರೆ ಎಳೆಯು ಒಂದೆಡೆ ದಪ್ಪ, ಒಂದೆಡೆ ತೆಳು. ದೊಡ್ಡವರ ಕೈಯಲ್ಲಾದರೂ ಕದಿರು ವಿನಾಯಿತಿ ತೋರಿಸುವುದಿಲ್ಲ. ಒಲ್ಲದವನು ಇತರರು ನೂತ ನೂಲನ್ನು ತಂದು ಒಪ್ಪಿಸಬಹುದೆಂಬ ಬಾಗಿಲೊಂದನ್ನು ನಿಯಮದಲ್ಲಿಯೇ ತೆರೆದಿಟ್ಟಿದ್ದರು. ಬಡ ವಿಧವೆಯು ನೂತದ್ದನ್ನು ಕೊಂಡು ತನ್ನ ಹೆಸರಿನಿಂದ ಒಪ್ಪಿಸಿದವನು ಯಾವ ವ್ರತವನ್ನು ನಡೆಯಿಸಿದಂತಾಯಿತೆಂಬುದು ನಮಗಂತೂ ತಿಳಿಯದು.

ವರ್ಷ ತುಂಬುವ ಮೊದಲೇ ನಿಯಮವು ಸಡಿಲಿತು. 1925ರ ಸೆಪ್ಟೆಂಬರದಲ್ಲಿ ಪಾಟಣಾದಲ್ಲಿ ಸೇರಿದ ಅಖಿಲ ಭಾರತ ಸಮಿತಿಯು ನಾಲ್ಕಾಣೆಯನ್ನು ಮರಳಿ ತಂದು, ನೂಲಿನ ಕಾರ್ಯವನ್ನು ಅಖಿಲ ಭಾರತ ಚರಕಾ ಸಂಘಕ್ಕೆ ಒಪ್ಪಿಸಿತು. ರಾಜಕೀಯ ನಿಯಮವಾಗಿ ಅದು ಸೋತಿತೆಂಬುದನ್ನು ಮರೆಮಾಚುವುದು ಸರಿಯಲ್ಲ. ಗಂಗಾಧರರಾಯರ ದೊಡ್ಡತನವು ನಮಗೆ ಕಾಣುವುದು ಈ ಸೋಲಿನ ನಂತರದಲ್ಲಿಯೇ. ಕಡ್ಡಾಯವು ತಪ್ಪಿದ ಮೇಲೆ ಅನೇಕರ ಚರಕಗಳು ಅಟ್ಟವನ್ನೇರಿದವು. ಇವರು ಖಾದಿಯನ್ನು ತಮ್ಮ ಜೀವಿತದ ಮುಖ್ಯ ಕಾರ್ಯವನ್ನಾಗಿ ಮಾಡಿಕೊಂಡರು. 1927ರಲ್ಲಿ ಗಾಂಧಿಯವರು ಖಾದಿಯ ಸಲುವಾಗಿ ನಮ್ಮ ಸೀಮೆಯಲ್ಲಿ ಸಂಚರಿಸುತ್ತ ಅಸ್ವಸ್ಥರಾಗಿ ನಂದಿಬೆಟ್ಟದಲ್ಲಿ ವಿಶ್ರಮಿಸಿದಾಗ ಅವರ ಯೋಗಕ್ಷೇಮದ ಭಾರ ಹೊತ್ತವರಲ್ಲಿ ಗಂಗಾಧರರಾಯರೂ ಒಬ್ಬರು. ಹುದಲಿಯಲ್ಲಿ ನೂಲುವ, ನೇಯುವ ಕೇಂದ್ರವು ಬೆಳೆಯಿತು. ಕರ್ನಾಟಕ ಸಿಂಹವೆನಿಸಿದ್ದವರನ್ನು ಜನರು ಖಾದಿ ಭಗೀರಥನೆಂದು ಕರೆಯಹತ್ತಿದರು.

ಈ ಕೆಲಸವು ನಮ್ಮ ಸೀಮೆಗೆ ಏಕೆ ಬೇಕಾಗಿತ್ತೆಂಬುದನ್ನು ಬೈಲಹೊಂಗಲ, ಸವದತ್ತಿಗಳ ಎರೆಭೂಮಿಯನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, 1861ರಿಂದ 1865ರ ವರೆಗೆ, ಈ ಭಾಗದ ಅರಳೆಯು ಎತ್ತುಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರದಿಂದ ಹಡಗನ್ನೇರುತ್ತಿತ್ತು; ಹೀಗಾಗಿಯೇ ಅದಕ್ಕೆ ಕುಮಟಾ ಹತ್ತಿಯೆಂಬ ಹೆಸರು. ಬೆಳೆದವನು ಅರಳೆಯನ್ನು ಮಾರಿ ಮ್ಯಾಂಚೆಸ್ಟರಿನ ಬಟ್ಟೆಯನ್ನು ಕೊಂಡನು. ಮಗ್ಗಗಳು ಉಳಿದ ರಾಮದುರ್ಗದಂಥ ಕಡೆಗಳಲ್ಲಿ ಸಹ ನೇಕಾರನ ನೂಲು ಗಿರಣಿಯದಾಯಿತು. ಬೆಳೆ ಇದೆ, ಮಗ್ಗವಿದೆ, ನಡುವಿನ ರಾಟಿ ಮಾತ್ರ ಇಲ್ಲ. ಮನೆಯೊಳಗಿನ ಹೆಂಗಸರ ಕೂಲಿಯು ಹೋದದ್ದು ಆ ನಡುವಿನಲ್ಲಿ.

1930ರಲ್ಲಿ ಉಪ್ಪಿನ ಸತ್ಯಾಗ್ರಹಕ್ಕಾಗಿ ಗಂಗಾಧರರಾಯರು ಸೆರೆಮನೆಗೆ ಹೋದರು. 1937ರ ಏಪ್ರಿಲದಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಲನವು ಹುದಲಿಯಲ್ಲಿಯೇ ಜರುಗಿ, ಗಾಂಧಿಯವರು ಆ ಹಳ್ಳಿಯಲ್ಲಿ ಕೆಲ ದಿನ ತಂಗಿದ್ದರು. ಎರಡೇ ವರ್ಷಗಳ ತರುವಾಯ, 1939ರ ಏಪ್ರಿಲದಲ್ಲಿ, ರಾಮದುರ್ಗ ಸಂಸ್ಥಾನದಲ್ಲಿ ಜನರು ರೊಚ್ಚಿಗೆದ್ದು ಪೋಲೀಸರ ಕೊಲೆಗಳಾದವು. ಅಹಿಂಸೆಯ ಪಾಠವು ಎಷ್ಟು ದೂರ ತಲುಪಿತ್ತೆಂಬುದನ್ನು ಆ ದಿನವು ಬಯಲಿಗಿಟ್ಟಿತು. ಸಂಸ್ಥಾನದ ಪ್ರಜೆಗಳ ಕಷ್ಟವು ಸುಳ್ಳಾಗಿರಲಿಲ್ಲ. ಆದಾಗ್ಯೂ ಗಾಂಧಿಯವರು ಆ ಕೃತ್ಯವನ್ನು ಖಂಡಿಸದೆ ಬಿಡಲಿಲ್ಲ.

ಕರ್ನಾಟಕ ಪ್ರಾಂತದ ಪ್ರಥಮ ಅಧ್ಯಕ್ಷರು ತಮ್ಮ ಜೀವನಕಥೆಯನ್ನು ಬರೆದುದು ಮರಾಠಿಯಲ್ಲಿ. ಕನ್ನಡ ಪತ್ರಿಕಾಕರ್ತರಾದ ನಮಗೆ ಇದು ಒಂದು ಕೊರಗು. ಆದರೆ ಅವರ ಕಾಲದ ಬೆಳಗಾವಿಯಲ್ಲಿ ಶಾಲೆ, ಕಚೇರಿ, ಪತ್ರಿಕೆಗಳೆಲ್ಲ ಬಹುತರವಾಗಿ ಮರಾಠಿಯಾಗಿದ್ದುವೆಂಬುದನ್ನೂ, ಆ ಭಾಷೆಯಲ್ಲಿ ಓದಿ ಬೆಳೆದವರು ಕರ್ನಾಟಕದ ಪಕ್ಷವನ್ನು ಬಿಡಲಿಲ್ಲವೆಂಬುದನ್ನೂ ಜತೆಗೇ ನೆನೆಯಬೇಕಾಗುವುದು.

1960ನೆಯ ಜುಲೈ 30ರಂದು, ತಮ್ಮ ಎಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ಅವರು ದಿವಂಗತರಾದರು. ಅದಕ್ಕಿಂತ ಆರು ವರ್ಷ ಮೊದಲು, 1954ರಲ್ಲಿ, ಹುದಲಿಯ ಖಾದಿ ಕಾರ್ಯವು ಸಹಕಾರಿ ಸಂಘದ ರೂಪವನ್ನು ತಾಳಿತ್ತು. ಅಲ್ಲಿಯ ಉಪ್ಪಿನಕಾಯಿಯನ್ನು ಬಲ್ಲವರು ನಮ್ಮ ವಾಚಕರಲ್ಲಿ ಬಹಳ ಮಂದಿ. ಅದೇ ಆವರಣದಲ್ಲಿ ನೂಲು ತೆಗೆಯುವವರು ಬಹುತೇಕ ಹೆಣ್ಣುಮಕ್ಕಳು.