ಮುರಿದ ಬೆರಳು, ಮಣಿಯದ ಮನ: ಡಿಜ್ಜಿ ಡೀನ್ ಎಂಬ ಬೇಸ್‌ಬಾಲ್ ಮೋಡಿಗಾರ

ಕ್ರೀಡಾಭಿಮಾನಿಗಳು ಗೆದ್ದವನನ್ನು ಮೆಚ್ಚುತ್ತಾರೆ. ಬಿದ್ದು ಏಳಲು ಹೆಣಗುವವನನ್ನು ಪ್ರೀತಿಸುತ್ತಾರೆ. ಅಮೆರಿಕದ ಬೇಸ್‌ಬಾಲ್ ಇತಿಹಾಸದಲ್ಲಿ ಈ ಎರಡೂ ಬಗೆಯ ಅಭಿಮಾನಕ್ಕೆ ಪಾತ್ರರಾದ ಆಟಗಾರ ಡಿಜ್ಜಿ ಡೀನ್. ಆರ್ಥಿಕ ಮಹಾಕುಸಿತದಿಂದ ಕಂಗೆಟ್ಟಿದ್ದ 1930ರ ದಶಕದ ಅಮೆರಿಕನ್ನರಿಗೆ ಬಡ ಹೊಲದಿಂದ ಎದ್ದು ಬಂದ ಈ ಮಾತಿನಮಲ್ಲ ತಮ್ಮವನೇ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಜೇ ಹ್ಯಾನಾ ಡೀನ್ ಹುಟ್ಟಿದ್ದು 1910ರ ಜನವರಿ 16ರಂದು, ಅರ್ಕನ್ಸಾ ರಾಜ್ಯದ ಲೂಕಸ್ ಎಂಬ ಹಳ್ಳಿಯಲ್ಲಿ. ತಂದೆ ಪಾಲಿಗೆ ಹೊಲ ಮಾಡುತ್ತಿದ್ದ ಬಡ ರೈತ. ಬಾಲ್ಯದಲ್ಲೇ ತಾಯಿ ತೀರಿಕೊಂಡರು. ಶಾಲೆಯ ಓದು ಕೆಳ ತರಗತಿಗಳಲ್ಲೇ ನಿಂತಿತು. ಹತ್ತಿ ಬಿಡಿಸುವುದೇ ಹುಡುಗನ ದಿನಚರಿಯಾಯಿತು. ಹದಿಹರೆಯದಲ್ಲಿ ಸೈನ್ಯ ಸೇರಿ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊ ಸೇನಾ ನೆಲೆಯ ತಂಡದಲ್ಲಿ ಚೆಂಡೆಸೆತವನ್ನು ಪಳಗಿಸಿಕೊಂಡರು. ತಲೆತಿರುಕ ಎಂಬರ್ಥದ ಡಿಜ್ಜಿ ಎಂಬ ಅಡ್ಡಹೆಸರು ಕೊನೆಯವರೆಗೂ ಅವರ ಜೊತೆಗೇ ಉಳಿಯಿತು.

ಬೇಸ್‌ಬಾಲ್‌ನ ಪಿಚರ್ ಎಂದರೆ ಕ್ರಿಕೆಟ್‌ನ ಬೌಲರ್ ಇದ್ದಂತೆ. ಆದರೆ ಪಿಚರ್ ಓಡಿ ಬರುವಂತಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತು, ಒಂದೇ ಹೆಜ್ಜೆ ಮುಂದಿಟ್ಟು, 60 ಅಡಿಗೂ ತುಸು ಹೆಚ್ಚಿನ ದೂರಕ್ಕೆ ಚೆಂಡನ್ನು ಎಸೆಯಬೇಕು. ಬಲಗೈ ಪಿಚರ್‌ನ ಮೈಭಾರವೆಲ್ಲ ಆ ಕ್ಷಣ ಎಡಗಾಲಿನ ಮೇಲೆ ಬೀಳುತ್ತದೆ. ಡೀನ್ ಅವರ ದುರಂತ ಅಡಗಿದ್ದುದು ಇದೇ ಹೆಜ್ಜೆಯಲ್ಲಿ.

1930ರಲ್ಲಿ ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡಕ್ಕೆ ಮೊದಲ ಪಂದ್ಯವಾಡಿದ ಡೀನ್, 1932ರಿಂದ ತಂಡದ ಆಧಾರಸ್ತಂಭವಾದರು. 1934ರಲ್ಲಿ 30 ಪಂದ್ಯ ಗೆದ್ದು, ಕೇವಲ ಏಳರಲ್ಲಿ ಸೋತರು. ನ್ಯಾಷನಲ್ ಲೀಗ್‌ನಲ್ಲಿ ಆ ಬಳಿಕ ಯಾವ ಪಿಚರ್ ಕೂಡ ಒಂದೇ ಋತುವಿನಲ್ಲಿ 30 ಗೆಲುವು ಕಂಡಿಲ್ಲ. ಅದೇ ವರ್ಷದ ವಿಶ್ವ ಸರಣಿಯಲ್ಲಿ ಡೆಟ್ರಾಯಿಟ್ ಟೈಗರ್ಸ್ ವಿರುದ್ಧ ಓಡುವಾಗ ಎದುರಾಳಿ ಎಸೆದ ಚೆಂಡು ಅವರ ತಲೆಗೆ ಬಡಿಯಿತು. ಮೈದಾನದಿಂದ ಹೊತ್ತೊಯ್ಯಲ್ಪಟ್ಟ ಆಟಗಾರ ಮರುದಿನವೇ ಎಸೆಯಲು ಬಂದರು, ಸೋತರು. ಕೊನೆಗೆ ಏಳನೇ ಪಂದ್ಯವನ್ನು 11-0ರಿಂದ ಗೆದ್ದುಕೊಟ್ಟರು. ಆ ಸರಣಿಯ ನಾಲ್ಕು ಗೆಲುವುಗಳಲ್ಲಿ ಎರಡು ಡಿಜ್ಜಿಯವು, ಉಳಿದೆರಡು ತಮ್ಮ ಪಾಲ್ ಡೀನ್ ಅವರವು.

1937ರ ಜುಲೈ 7ರಂದು ವಾಷಿಂಗ್ಟನ್‌ನಲ್ಲಿ ಆಲ್ ಸ್ಟಾರ್ ಪಂದ್ಯ. ಅಧ್ಯಕ್ಷ ರೂಸ್‌ವೆಲ್ಟ್ ಕೂಡ ಪ್ರೇಕ್ಷಕರಲ್ಲಿದ್ದರು. ಮೂರನೇ ಇನಿಂಗ್ಸ್‌ನಲ್ಲಿ ಅರ್ಲ್ ಆವರಿಲ್ ಹೊಡೆದ ಚೆಂಡು ನೇರವಾಗಿ ಡೀನ್ ಅವರ ಎಡಗಾಲಿಗೆ ಅಪ್ಪಳಿಸಿ ಬೆರಳು ಮುರಿಯಿತು. ಗಾಯ ದೊಡ್ಡದಲ್ಲ; ಕಾಯುವ ತಾಳ್ಮೆ ಇದ್ದಿದ್ದರೆ ಮಾಯುತ್ತಿತ್ತು. ಆದರೆ ತಂಡಕ್ಕೆ ಅವರು ಬೇಕಿತ್ತು, ಅವರಿಗೂ ಸುಮ್ಮನೆ ಕೂರುವುದು ಗೊತ್ತಿರಲಿಲ್ಲ. ಸುಮಾರು ಎರಡು ವಾರಗಳಲ್ಲೇ ದಿಬ್ಬವೇರಿದರು. ನೋಯುವ ಬೆರಳ ಮೇಲೆ ಭಾರ ಬೀಳದಂತೆ ಎಸೆತದ ಶೈಲಿಯನ್ನೇ ಬದಲಿಸಿಕೊಂಡರು. ಕಾಲು ತಪ್ಪಿಸಿಕೊಂಡ ಹೊರೆಯನ್ನು ತೋಳು ಹೊರಬೇಕಾಯಿತು. ಮಿಂಚಿನ ವೇಗ ಮತ್ತೆಂದೂ ಮರಳಲಿಲ್ಲ. ಆಗ ಅವರಿಗಿನ್ನೂ 27 ವರ್ಷ.

1938ರ ಏಪ್ರಿಲ್‌ನಲ್ಲಿ ಕಾರ್ಡಿನಲ್ಸ್ ಅವರನ್ನು ಶಿಕಾಗೊ ಕಬ್ಸ್‌ಗೆ ಮಾರಿತು. ಪ್ರತಿಯಾಗಿ ಸಿಕ್ಕಿದ್ದು ಮೂವರು ಆಟಗಾರರು ಮತ್ತು 1,85,000 ಡಾಲರ್. ತೋಳು ಕೆಟ್ಟಿದೆ ಎಂಬುದು ಗುಟ್ಟೇನೂ ಆಗಿರಲಿಲ್ಲ. ಆದರೂ ಹೊಸ ಊರಿನ ಅಭಿಮಾನಿಗಳು ಡೀನ್ ಅವರನ್ನು ಎದೆಗಪ್ಪಿಕೊಂಡರು. ಅವರೂ ನಿರಾಸೆಗೊಳಿಸಲಿಲ್ಲ. ವೇಗವಿಲ್ಲದಿದ್ದರೇನು, ಬುದ್ಧಿಯಿತ್ತು, ಗುರಿಯಿತ್ತು. ನಿಧಾನದ ಚೆಂಡುಗಳಿಂದಲೇ ಬ್ಯಾಟುಗಾರರನ್ನು ಯಾಮಾರಿಸುತ್ತ, ಆಡಿದ 13 ಪಂದ್ಯಗಳಲ್ಲಿ ಏಳು ಗೆಲುವು ತಂದುಕೊಟ್ಟರು. ಅವರ ಲೆಕ್ಕಕ್ಕೆ ಬಂದ ಸೋಲು ಒಂದೇ.

ಸೆಪ್ಟೆಂಬರ್ 27ರಂದು, ಅಗ್ರಸ್ಥಾನದ ಪಿಟ್ಸ್‌ಬರ್ಗ್ ಪೈರೇಟ್ಸ್ ವಿರುದ್ಧದ ನಿರ್ಣಾಯಕ ಪಂದ್ಯದಲ್ಲಿ ಮ್ಯಾನೇಜರ್ ಗ್ಯಾಬಿ ಹಾರ್ಟ್‌ನೆಟ್ ಈ ನೋವಿನ ತೋಳನ್ನೇ ನಂಬಿದರು. ಡೀನ್ ಒಂಬತ್ತನೇ ಇನಿಂಗ್ಸ್‌ನವರೆಗೂ ಎದುರಾಳಿಗಳನ್ನು ತಡೆದು ನಿಲ್ಲಿಸಿದರು. ಕಬ್ಸ್ 2-1ರಿಂದ ಗೆದ್ದಿತು; ಬಳಿಕ ಲೀಗ್ ಪ್ರಶಸ್ತಿಯನ್ನೂ ತನ್ನದಾಗಿಸಿಕೊಂಡಿತು.

ಅಕ್ಟೋಬರ್‌ನ ವಿಶ್ವ ಸರಣಿಯಲ್ಲಿ ಎದುರಾದದ್ದು ಬಲಾಢ್ಯ ನ್ಯೂಯಾರ್ಕ್ ಯಾಂಕೀಸ್. ಎರಡನೇ ಪಂದ್ಯದಲ್ಲಿ ಶಿಕಾಗೊದ ರಿಗ್ಲಿ ಮೈದಾನ ಕಿಕ್ಕಿರಿದಿತ್ತು. ಏಳು ಇನಿಂಗ್ಸ್ ಮುಗಿದಾಗ ಡೀನ್ 3-2ರಿಂದ ಮುಂದಿದ್ದರು. ಆದರೆ ಎಂಟನೆಯದರಲ್ಲಿ ಫ್ರಾಂಕ್ ಕ್ರೊಸೆಟ್ಟಿ, ಒಂಬತ್ತನೆಯದರಲ್ಲಿ ಜೋ ಡಿಮ್ಯಾಜಿಯೊ ಹೋಮ್ ರನ್ ಹೊಡೆದರು. 6-3ರ ಸೋಲು. ಬೇಸ್‌ಬಾಲ್ ಪ್ರಿಯರು ಇಂದಿಗೂ ಆ ಸೋಲನ್ನು ಗೆಲುವಿನಷ್ಟೇ ಅಭಿಮಾನದಿಂದ ನೆನೆಯುತ್ತಾರೆ.

ಮುಂದಿನ ಎರಡು ವರ್ಷ ತೋಳು ಸಹಕರಿಸಲಿಲ್ಲ. 1941ರಲ್ಲಿ ಒಂದೇ ಪಂದ್ಯವಾಡಿ ನಿವೃತ್ತರಾದ ಡೀನ್, ಸೇಂಟ್ ಲೂಯಿಯಲ್ಲಿ ರೇಡಿಯೊ ವೀಕ್ಷಕ ವಿವರಣೆಕಾರರಾದರು. ಅವರ ಹಳ್ಳಿಗಾಡಿನ ಇಂಗ್ಲಿಷ್‌ಗೆ ಶಾಲಾ ಶಿಕ್ಷಕರು ಆಕ್ಷೇಪಿಸಿದರೂ ಕೇಳುಗರು ಅದನ್ನೇ ಮೆಚ್ಚಿದರು.

ಮೈಕಿನ ಮುಂದೆ ಕುಳಿತು ಬ್ರೌನ್ಸ್ ತಂಡದ ಪಿಚರ್‌ಗಳನ್ನು ಟೀಕಿಸುತ್ತಿದ್ದ ಡೀನ್ ಅವರನ್ನು 1947ರ ಸೆಪ್ಟೆಂಬರ್ 28ರಂದು ಅದೇ ತಂಡ ಕಣಕ್ಕಿಳಿಸಿತು. ಪ್ರೇಕ್ಷಕರನ್ನು ಸೆಳೆಯುವುದೂ ತಂಡದ ಉದ್ದೇಶವಾಗಿತ್ತು. 37ರ ಹರೆಯದ, ಮೈ ತುಂಬಿಕೊಂಡಿದ್ದ ಆಟಗಾರ ಶಿಕಾಗೊ ವೈಟ್ ಸಾಕ್ಸ್‌ಗೆ ನಾಲ್ಕು ಇನಿಂಗ್ಸ್‌ಗಳಲ್ಲಿ ಒಂದೂ ರನ್ ಕೊಡಲಿಲ್ಲ. ಬ್ಯಾಟ್ ಹಿಡಿದು ಒಂದು ಹಿಟ್ ಕೂಡ ಗಳಿಸಿದರು. ಅಷ್ಟರಲ್ಲಿ ತೊಡೆಯ ಸ್ನಾಯು ಸೆಳೆದು ಮೈದಾನ ಬಿಡಬೇಕಾಯಿತು. ಅದೇ ಅವರ ಕಡೆಯ ಪಂದ್ಯ.

ಒಟ್ಟು 150 ಗೆಲುವು, 83 ಸೋಲು. ಅಂಕಿಗಳಲ್ಲಿ ಇದನ್ನು ಮೀರಿದವರು ಹಲವರಿದ್ದಾರೆ. ಆದರೂ 1953ರಲ್ಲಿ ಬೇಸ್‌ಬಾಲ್‌ನ ಕೀರ್ತಿ ಭವನ ಅವರಿಗೆ ಸ್ಥಾನ ನೀಡಿತು. ಅದೇ ವರ್ಷ ಆರಂಭವಾದ ವಾರದ ಪಂದ್ಯದ ಟಿವಿ ಪ್ರಸಾರ ಅವರ ಧ್ವನಿಯನ್ನು ದೇಶದ ಮನೆಮನೆಗೆ ತಲುಪಿಸಿತು. 1974ರ ಜುಲೈ 17ರಂದು, 64ನೇ ವಯಸ್ಸಿನಲ್ಲಿ, ನೆವಾಡಾದ ರೀನೊ ನಗರದಲ್ಲಿ ಅವರು ಕೊನೆಯುಸಿರೆಳೆದರು. ಅವರು ತೊಟ್ಟಿದ್ದ 17ನೇ ಅಂಕಿಯ ಅಂಗಿಯನ್ನು ಕಾರ್ಡಿನಲ್ಸ್ ಇನ್ನಾರಿಗೂ ಕೊಡದೆ ಗೌರವಿಸಿದೆ.

ಕಾಲ್ಬೆರಳು ಮಾಯುವವರೆಗೆ ಕಾದಿದ್ದರೆ ಇನ್ನೆಷ್ಟು ಪಂದ್ಯ ಗೆಲ್ಲುತ್ತಿದ್ದರೋ ಎಂಬ ಹಳಹಳಿ ಅಭಿಮಾನಿಗಳನ್ನು ಬಿಟ್ಟಿಲ್ಲ. ನೆಚ್ಚಿನ ಆಟಗಾರ ಬೇಗ ಮರಳಲಿ ಎಂದು ಹಾರೈಸುವ ಎಲ್ಲರಿಗೂ ಡೀನ್ ಅವರ ಬದುಕು ಒಂದು ಕಿವಿಮಾತು ಹೇಳುತ್ತದೆ: ಆತ ಮೊದಲು ಪೂರ್ತಿ ಗುಣಮುಖನಾಗಲಿ ಎಂದು ಹಾರೈಸುವುದೇ ನಿಜವಾದ ಅಭಿಮಾನ.